ಮಹಾಬಲಿ ಬಾಣರು

ಬಾಣರು ಇಂದಿನ ಕೋಲಾರ ಜಿಲ್ಲೆಯ ಮೂಡಣ ಭಾಗ, ಆಂಧ್ರದ ಅನಂತಪುರ, ಕಡಪ, ಚಿತ್ತೂರು ಸೀಮೆ ಮತ್ತು ತಮಿಳುನಾಡಿನ ಪಾಲಾರ್ ಕಣಿವೆಯಲ್ಲಿ ಸುಮಾರು ಕ್ರಿ.ಶ. 4ನೆಯ ಶತಮಾನದಿಂದ 10ನೆಯ ಶತಮಾನದವರೆಗೆ ಆಳಿದ ಅರಸುಮನೆತನ. ಬಲಿ ಚಕ್ರವರ್ತಿಯ ಸಂತತಿಯೆಂದು ಹೇಳಿಕೊಂಡದ್ದರಿಂದ ಇವರನ್ನು ಮಹಾಬಲಿ ಬಾಣರು ಎಂದೂ ಕರೆಯುತ್ತಾರೆ. ತಲಕಾಡಿನ ಗಂಗರು ಕುವಳಾಲದಲ್ಲಿ, ಎಂದರೆ ಇಂದಿನ ಕೋಲಾರದಲ್ಲಿ, ಮೊದಲು ನೆಲೆಯೂರಿದಾಗ ಎದುರಾಳಿಗಳಾಗಿ ನಿಂತವರು ಬಾಣರು. ಮುಂದಿನ ಐದಾರು ಶತಮಾನಗಳಲ್ಲಿ ಅದೇ ಗಂಗರಿಗೆ ನೆರೆಯವರು, ಬೀಗರು, ಮತ್ತೆ ಹಗೆಗಳು ಆದವರೂ ಅವರೇ. ಬಂಗಾರಪೇಟೆ, ಕೆ.ಜಿ.ಎಫ್. ಮತ್ತು ಮುಳಬಾಗಿಲು ತಾಲ್ಲೂಕುಗಳ ಆರಂಭಕಾಲದ ಇತಿಹಾಸದ ದೊಡ್ಡ ಪಾಲು ಈ ಎರಡು ಮನೆತನಗಳ ಸಂಬಂಧದ ಇತಿಹಾಸವೇ ಆಗಿದೆ.

ಹೆಸರು ಮತ್ತು ವಂಶಕಥೆ

ಕನ್ನಡ ಶಾಸನಗಳಲ್ಲಿ ಈ ಅರಸರು ‘ಬಾಣರಸ’, ‘ಮಾವಲಿ ಬಾಣರಸ’ ಎಂದು ಬರುತ್ತಾರೆ. ತೆಲುಗು ಶಾಸನಗಳಲ್ಲಿ ‘ಪೆರ್ಬಾಣ’ ಎಂಬ ರೂಪವಿದೆ. ತಮಿಳಿನಲ್ಲಿ ‘ವಾಣರಾಯರ್’, ‘ವಾಣಕೋವರೈಯರ್’ ಎಂಬ ರೂಪಗಳೂ, ಅವರ ನಾಡಿಗೆ ‘ಪೆರುಂಬಾಣಪ್ಪಾಡಿ’ ಎಂಬ ಹೆಸರೂ ಬಳಕೆಯಲ್ಲಿದ್ದವು. ಸಂಸ್ಕೃತ ಶಾಸನಗಳ ‘ಬೃಹದ್ಬಾಣ’ವೂ ಇದೇ ಮನೆತನ. ಈ ಲೇಖನದಲ್ಲಿ ‘ಬಾಣರು’ ಎಂದರೆ ಇವೆಲ್ಲ ಶಾಖೆಗಳು ಸೇರಿದ ಮನೆತನ. ‘ಗಂಗರು’ ಎಂದರೆ ಗಂಗವಾಡಿಯ ಗಂಗರು, ಕಳಿಂಗದ ಗಂಗರಲ್ಲ.

ಬಾಣರ ಶಾಸನಗಳ ಪ್ರಶಸ್ತಿ ಬಹುತೇಕ ಒಂದೇ ಅಚ್ಚಿನದು. ಮೂರು ಲೋಕವೂ ವಂದಿಸುವ, ಸುರಾಸುರರ ಒಡೆಯನಾದ ಪರಮೇಶ್ವರನನ್ನು ಬಾಗಿಲು ಕಾಯಲು ನಿಲ್ಲಿಸಿಕೊಂಡ ಮಹಾಬಲಿಯ ಕುಲದಲ್ಲಿ ಹುಟ್ಟಿದವರು ತಾವೆಂದು ಅದು ಸಾರುತ್ತದೆ. ಬಲಿಯ ಮಗ ಬಾಣಾಸುರ. ಶಿವ ಅವನ ಕೋಟೆ ಕಾದನೆಂಬುದು ಪುರಾಣ. ಗೂಳಿ ಅವರ ಲಾಂಛನ, ಕರಿಯ ಬಾವುಟ ಅವರ ಧ್ವಜ. ದಕ್ಷಿಣದ ಹೆಚ್ಚಿನ ಅರಸುಮನೆತನಗಳು ಸೂರ್ಯ, ಚಂದ್ರ ಅಥವಾ ಋಷಿಗೋತ್ರವನ್ನು ಹಿಡಿದು ವಂಶ ಕಟ್ಟಿಕೊಂಡಾಗ, ಅಸುರ ಮೂಲವನ್ನು ಹೆಮ್ಮೆಯಿಂದ ಹೇಳಿಕೊಂಡವರು ಬಾಣರು. ಪುರಾಣಗಳಲ್ಲಿ ಸೋತ ಪಕ್ಷವೇ ಇಲ್ಲಿ ಕುಲಮೂಲವಾಗಿದೆ.

ನಾಡಿನ ವಿಸ್ತಾರ

ಬಾಣರ ಸೀಮೆಗೆ ಖಚಿತವಾದ ಗಡಿ ಎಳೆಯುವುದು ಕಷ್ಟ; ಅದು ಕಾಲಕಾಲಕ್ಕೆ ಸರಿದಿದೆ. ಬಾಣರ ಉದಯೇಂದಿರಂ ತಾಮ್ರಪಟ ಅದನ್ನು ಆಂಧ್ರಪಥದ ಪಡುವಣ ನೆಲವೆನ್ನುತ್ತದೆ. ‘ವಡುಗವಳಿ ಹನ್ನೆರಡು ಸಾವಿರ’ ಎಂಬ ಆಡಳಿತ ವಿಭಾಗದ ಹೆಸರೂ ಇದೇ ಅರ್ಥದ್ದು. ಪರುವಿ, ಅಂದರೆ ಹಿಂದೂಪುರದ ಹತ್ತಿರದ ಪರಿಗಿ, ಅವರು ತಮ್ಮ ಬಿರುದಿನಲ್ಲಿ ಸೇರಿಸಿಕೊಂಡ ಊರು. ದಕ್ಷಿಣದಲ್ಲಿ ಇಂದಿನ ರಾಣಿಪೇಟೆ ಕಡೆಯ ತಿರುವಲ್ಲಂ ಮತ್ತು ಅದರ ಬಳಿಯ ವಾಣಪುರ ಅವರ ನೆಲೆಗಳಾಗಿದ್ದವು. ತಿರುಪತಿ ಸಮೀಪದ ಗುಡಿಮಲ್ಲಂನ ಪರಶುರಾಮೇಶ್ವರ ಗುಡಿಯಲ್ಲೂ ಅವರ ಶಾಸನಗಳಿವೆ.

ಈ ಊರುಗಳನ್ನು ಜೋಡಿಸುವ ಎಳೆ ಪಾಲಾರ್ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ ಜಿಲ್ಲೆಯನ್ನು ಹಾದು, ಬೇತಮಂಗಲದ ಕೆರೆ ತುಂಬಿಸಿ ಅದು ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಇಳಿಯುತ್ತದೆ. ಕೋಲಾರದ ಪ್ರಸ್ಥಭೂಮಿಯಿಂದ ಕಂಚಿಯ ಬಯಲಿಗೆ ಇಳಿಯುವ ದಾರಿಯೂ ಇದೇ ದಿಕ್ಕಿನದು. ಗಂಗರು, ಪಲ್ಲವರು, ನೊಳಂಬರು, ಚೋಳರು ಎಲ್ಲರಿಗೂ ಈ ದಾರಿ ಬೇಕಾಗಿತ್ತು. ಬಾಣರು ಕೂತದ್ದು ಅದರ ಮೇಲೆಯೇ. ಅವರು ಯಾವತ್ತೂ ದೊಡ್ಡ ಸಾಮ್ರಾಜ್ಯ ಕಟ್ಟದಿದ್ದರೂ ಎಲ್ಲರ ಶಾಸನಗಳಲ್ಲೂ ಸುಳಿಯುವುದಕ್ಕೆ ಇದೇ ಕಾರಣವಿರಬೇಕು.

ಗಂಗರ ಉದಯದಲ್ಲಿ ಬಾಣರು

ಬಾಣರ ಅತಿ ಹಳೆಯ ಖಚಿತ ಉಲ್ಲೇಖ ಇರುವುದು ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ. 5ನೆಯ ಶತಮಾನದಲ್ಲಿ ಕುಬ್ಜ ಕವಿ ರಚಿಸಿದ ಆ ಸ್ತಂಭಶಾಸನ, ಕದಂಬ ಮಯೂರಶರ್ಮ ಪಲ್ಲವರ ಗಡಿಕಾವಲನ್ನು ಸೋಲಿಸಿ ಶ್ರೀಪರ್ವತದ ಕಾಡಿನಲ್ಲಿ ನೆಲೆ ನಿಂತು ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಪಡೆದನೆಂದು ಹೇಳುತ್ತದೆ. ಎಂದರೆ 4ನೆಯ ಶತಮಾನದ ನಡುವಿನ ಹೊತ್ತಿಗೆ ಬಾಣರು ಕಪ್ಪ ಕೊಡಬಲ್ಲಷ್ಟು ನಾಡಿನ ಒಡೆಯರಾಗಿದ್ದರು. ಗಂಗರ ಹೆಸರು ಆಗಿನ್ನೂ ಹೊಸತು.

ಗಂಗ ಮನೆತನದ ಮೂಲಪುರುಷ ಕೊಂಗಣಿವರ್ಮ ಮಾಧವನ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 350ರ ಸುಮಾರಿಗೆ ಇಡುತ್ತಾರೆ. ಗಂಗರ ತಾಮ್ರಪಟಗಳು ಅವನನ್ನು ಬಾಣಮಂಡಲವನ್ನು ಗೆಲ್ಲಲೆಂದೇ ಪಟ್ಟಾಭಿಷಿಕ್ತನಾದವನು, ಬಾಣರೆಂಬ ಕಾಡಿಗೆ ಕಾಡ್ಗಿಚ್ಚಾದವನು ಎಂದು ಹೊಗಳುತ್ತವೆ. ಗಂಗರ ಮೊದಲ ರಾಜಧಾನಿ ಕುವಳಾಲ. ತಲಕಾಡಿಗೆ ಬೀಡು ಬದಲಾಯಿಸಿದ ಬಳಿಕವೂ ಅವರು ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಬಿಡಲಿಲ್ಲ. ಈ ಎರಡು ಸಂಗತಿಗಳನ್ನು ಕೂಡಿಸಿ ಓದಿದಾಗ, ಗಂಗ ರಾಜ್ಯ ಬಾಣರ ಪ್ರಭಾವವಿದ್ದ ನೆಲದಲ್ಲಿ, ಅವರನ್ನು ಹಿಂದೆ ಸರಿಸಿ ಮೊಳೆತ ರಾಜ್ಯವೆಂದು ತೋರುತ್ತದೆ.

ಆದರೆ ಪ್ರಶಸ್ತಿಯ ಮಾತನ್ನು ಅಕ್ಷರಶಃ ನಂಬಬೇಕಿಲ್ಲ. ಕಾಡ್ಗಿಚ್ಚಿಗೆ ಸುಟ್ಟುಹೋದ ಮನೆತನ ಮತ್ತೆ ಐದು ಶತಮಾನ ಶಾಸನ ಹಾಕಿಸುವುದಿಲ್ಲ. ಗೆಲುವು ನಡೆದಿದ್ದರೂ ಅದು ಕೋಲಾರದ ಸುತ್ತಲ ನೆಲಕ್ಕೆ ಸೀಮಿತವಾಗಿತ್ತು. ಮುಳಬಾಗಿಲಿನಿಂದ ಮೂಡಣಕ್ಕೆ ಬಾಣರು ಉಳಿದರು. ಗಂಗರು ಪಡೆದ ನೆಲವೂ ಅವರ ಕೈಯಲ್ಲೇ ಉಳಿಯಲಿಲ್ಲವೆಂಬುದು ಪರುವಿಯಿಂದ ಸ್ಪಷ್ಟ. 5ನೆಯ ಶತಮಾನದ ಗಂಗ ಮಾಧವನ ಪೆನುಕೊಂಡ ತಾಮ್ರಪಟ ಪರುವಿ ವಿಷಯದಲ್ಲಿ, ಪರುವಿಯ ದೊಡ್ಡ ಕೆರೆಯ ಕೆಳಗಿನ 65 ಗದ್ದೆಗಳನ್ನು ದಾನ ಕೊಟ್ಟದ್ದನ್ನು ದಾಖಲಿಸುತ್ತದೆ. ಅಂದರೆ ಆಗ ಪರುವಿ ಗಂಗರ ಕೈಯಲ್ಲಿತ್ತು. ಮುಂದೆ ಅದೇ ಪರುವಿಯ ಒಡೆತನ ಬಾಣರ ಬಿರುದಿನಲ್ಲಿದೆ. ಇದೇ ತಾಮ್ರಪಟ ಗಂಗ ಅರಸರಿಗೆ ಕಂಚಿಯ ಪಲ್ಲವರು ಪಟ್ಟ ಕಟ್ಟಿದರೆಂದೂ ಹೇಳುವುದರಿಂದ, ಬಾಣರ ವಿರುದ್ಧದ ಗಂಗರ ಏಳಿಗೆಗೆ ಪಲ್ಲವರ ಬೆಂಬಲವಿತ್ತೆಂಬ ಅಭಿಪ್ರಾಯ ಹುಟ್ಟಿದೆ. ಮಯೂರಶರ್ಮನಿಗೆ ಬಾಣರು ಕಪ್ಪ ಕೊಟ್ಟ ಕಾಲದಲ್ಲಿ ಪಲ್ಲವರಿಗೆ ಈ ಗಡಿಯಲ್ಲಿ ನಂಬುಗೆಯ ಮನೆತನವೊಂದು ಬೇಕಾಗಿದ್ದುದು ಸಹಜವೇ.

ಗಂಗರ ಮೂಲದ ಬಗ್ಗೆ ಹೆಚ್ಚು ಪ್ರಸಿದ್ಧವಾದ ಕಥೆ ಬೇರೆಯೇ. ಪೇರೂರಿನಲ್ಲಿ ಜೈನಾಚಾರ್ಯ ಸಿಂಹನಂದಿಯನ್ನು ಕಂಡ ದಡಿಗ ಮತ್ತು ಮಾಧವರೆಂಬ ಅಣ್ಣತಮ್ಮಂದಿರು, ಮಾಧವ ಕತ್ತಿಯಿಂದ ಕಡಿದ ಕಲ್ಲುಕಂಬ, ನಂದಗಿರಿ ಕೋಟೆಯಾಗಿ ಕುವಳಾಲ ರಾಜಧಾನಿಯಾಗಿ ತೊಂಬತ್ತಾರು ಸಾವಿರ ನಾಡಾಗಿ ಸಿಕ್ಕ ರಾಜ್ಯ: ಇದಿಷ್ಟೂ ವಿಸ್ತಾರವಾಗಿ ಬರುವುದು ಕಲ್ಲೂರಗುಡ್ಡದ 1122ರ ಶಾಸನದಂಥ ತಡವಾದ ಬರಹಗಳಲ್ಲಿ. ಘಟನೆಗೂ ಬರಹಕ್ಕೂ ನಡುವೆ 700ಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಬಾಣರ ಮೇಲಿನ ಗೆಲುವಿನ ಮಾತು ಅದಕ್ಕಿಂತ ಹಳೆಯದು. ಗಂಗರ ಆರಂಭವನ್ನು ತಿಳಿಯಲು ಅದೇ ಹೆಚ್ಚು ಉಪಯುಕ್ತ ಸುಳಿವು.

ರೋಮಿನ ಸಬೈನರು: ಒಂದು ಹೋಲಿಕೆ

ಹೊಸ ರಾಜ್ಯವೊಂದರ ಮೂಲಕಥೆಯಲ್ಲಿ ನೆರೆಯ ಹಳೆಯ ಜನಕ್ಕೆ ಸಿಗುವ ಸ್ಥಾನಕ್ಕೆ ಪ್ರಸಿದ್ಧ ಉದಾಹರಣೆ ಇಟಲಿಯ ಸಬೈನರು. ರೋಮ್ ನಗರಕ್ಕೆ ಈಶಾನ್ಯದ ಬೆಟ್ಟಸೀಮೆಯವರಾದ ಇವರ ಹೆಣ್ಣುಮಕ್ಕಳನ್ನು ರೊಮುಲಸನ ಜನ ಹಬ್ಬದ ನೆಪದಲ್ಲಿ ಕರೆದು ಅಪಹರಿಸಿದರು, ಯುದ್ಧ ಹತ್ತಿದಾಗ ಆ ಹೆಂಗಸರೇ ತಂದೆಯರ ಮತ್ತು ಗಂಡಂದಿರ ನಡುವೆ ನಿಂತು ರಾಜಿ ಮಾಡಿಸಿದರು ಎಂಬ ಐತಿಹ್ಯವನ್ನು ಲಿವಿ, ಪ್ಲುಟಾರ್ಕ್ ಇಬ್ಬರೂ ಬರೆದಿದ್ದಾರೆ. ಸಬೈನರ ಅರಸ ಟೈಟಸ್ ಟೇಷಿಯಸ್ ರೊಮುಲಸನ ಜತೆ ಆಳಿದನೆಂದೂ, ರೋಮಿನ ಎರಡನೆಯ ಅರಸ ನೂಮಾ ಪಾಂಪಿಲಿಯಸ್ ಸಬೈನನೆಂದೂ ಅದೇ ಪರಂಪರೆ ಹೇಳುತ್ತದೆ. ಚರಿತ್ರೆಯ ಬೆಳಕಿನಲ್ಲಿ ಕಾಣುವುದು ಕ್ರಿ.ಪೂ. 290ರಲ್ಲಿ ರೋಮನ್ನರು ಸಬೈನರ ನಾಡನ್ನು ಗೆದ್ದದ್ದು, ಕ್ರಿ.ಪೂ. 268ರಲ್ಲಿ ಅವರಿಗೆ ಪೂರ್ಣ ನಾಗರಿಕತ್ವ ಸಿಕ್ಕಿದ್ದು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರೋಮಿನ ಕಥೆಯಲ್ಲಿ ಮದುವೆ ಮೊದಲು, ಗೆಲುವು ಕೊನೆಗೆ. ಹಗೆಗಳು ಮೂಲಪುರುಷರ ಸಾಲಿಗೇ ಸೇರಿದ್ದಾರೆ. ಗಂಗರ ಪ್ರಶಸ್ತಿಯಲ್ಲಿ ಗೆಲುವು ಮೊದಲು. ಬಾಣರಿಗೆ ಅಲ್ಲಿ ಸುಡಬೇಕಾದ ಕಾಡಿನ ಪಾತ್ರ ಮಾತ್ರ. ಮದುವೆಗಳು ನಡೆದದ್ದು ಶತಮಾನಗಳ ನಂತರ, ಅವು ಯಾವ ಮೂಲಕಥೆಯನ್ನೂ ಸೇರಲಿಲ್ಲ. ಅಪಹರಣದ ಕಥೆಯೂ ಇಲ್ಲಿಲ್ಲ.

ಅರಸರ ಸಾಲು

ಆರಂಭಕಾಲದ ಬಾಣ ಅರಸರ ಹೆಸರುಗಳು ಬಿಡಿಬಿಡಿಯಾಗಿ ಸಿಗುತ್ತವೆ. ಬಾದಾಮಿ ಚಾಲುಕ್ಯರ ಕಾಲಕ್ಕೆ ಕಡಪ ಸೀಮೆಯ ತುರಮಾರ ವಿಷಯದಲ್ಲಿ ಅವರ ಅಧೀನರಾಗಿ ಬಾಣರಿದ್ದರು. ಕ್ರಮವಾದ ವಂಶಾವಳಿ ದೊರೆಯುವುದು ಉದಯೇಂದಿರಂ ತಾಮ್ರಪಟದಲ್ಲಿ: ಜಯನಂದಿವರ್ಮ, ಅವನ ಮಗ ವಿಜಯಾದಿತ್ಯ, ಬಳಿಕ ಮಲ್ಲದೇವ, ಬಾಣ ವಿದ್ಯಾಧರ, ಪ್ರಭುಮೇರು, ವಿಕ್ರಮಾದಿತ್ಯ, ಎರಡನೆಯ ವಿಜಯಾದಿತ್ಯ, ಕೊನೆಗೆ ವಿಜಯಬಾಹು ಎಂಬ ಹೆಸರೂ ಇದ್ದ ಎರಡನೆಯ ವಿಕ್ರಮಾದಿತ್ಯ. ಈ ಕೊನೆಯವನನ್ನು ಕೃಷ್ಣರಾಜನ ಸ್ನೇಹಿತನೆಂದು ಶಾಸನ ಕರೆಯುತ್ತದೆ. ಆ ಕೃಷ್ಣರಾಜ ರಾಷ್ಟ್ರಕೂಟ ಅರಸ.

ಇವರು ಪೂರ್ಣ ಸ್ವತಂತ್ರರಾಗಿದ್ದ ಕಾಲ ಕಡಿಮೆ. ಗುಡಿಮಲ್ಲಂ ಶಾಸನಗಳಲ್ಲಿ ಪಲ್ಲವ ಅರಸರ ಆಳ್ವಿಕೆಯ ವರ್ಷ ಮೊದಲು ಬರುತ್ತದೆ, ನಾಡನ್ನಾಳುವ ಮಾವಲಿ ಬಾಣರಾಯನ ಹೆಸರು ಆಮೇಲೆ.

ಮದುವೆ ಸಂಬಂಧಗಳು

ಗಂಗ ಶಿವಮಾರನ ವಂಶದ ಒಂದು ಶಾಖೆ 9ನೆಯ ಶತಮಾನದಲ್ಲಿ ಕೋಲಾರದ ಕಡೆ ಆಳುತ್ತಿತ್ತು. ಅದರ ಪ್ರಮುಖ ಅರಸ ಒಂದನೆಯ ಪೃಥ್ವೀಪತಿ. ಇವನ ಮಗಳು ಕುಂದವ್ವೆ ಬಾಣ ವಿದ್ಯಾಧರನ ರಾಣಿ. ತಿರುವಲ್ಲಂನ ಗುಡಿಯ ತಮಿಳು ಶಾಸನ ಅವಳ ತಂದೆ, ಅಜ್ಜ, ಗಂಡ ಮೂವರನ್ನೂ ಹೆಸರಿಸುತ್ತದೆ. ಬಾಣರನ್ನು ಸುಟ್ಟೆವೆಂದು ಹೇಳಿಕೊಂಡ ಮನೆತನದ ಮಗಳು ಬಾಣರ ಊರಿನ ಗುಡಿಗೆ ದತ್ತಿ ಬಿಟ್ಟಿದ್ದಾಳೆ. ಪೃಥ್ವೀಪತಿ ಮುಂದೆ ಸುಮಾರು 880ರಲ್ಲಿ ಕುಂಭಕೋಣದ ಹತ್ತಿರದ ಶ್ರೀಪುರಂಬಿಯಂ ಕಾಳಗದಲ್ಲಿ ಪಲ್ಲವರ ಪಕ್ಷದಲ್ಲಿ ಕಾದಿ ಮಡಿದ.

ಇದಕ್ಕಿಂತ ಹಳೆಯ ಇನ್ನೊಂದು ಹೆಸರು ರತ್ನಾವಳಿ. ನಂದಿಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯದ ಮೂಲ ಶಿವಾಲಯವನ್ನು 9ನೆಯ ಶತಮಾನದ ಆರಂಭದ ಹೊತ್ತಿಗೆ ಕಟ್ಟಿಸಿದವಳು ಬಾಣ ವಿದ್ಯಾಧರನ ರಾಣಿಯಾದ ಈಕೆ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ 806ರ ದಾನಪತ್ರ ಆ ಗುಡಿಗೆ ಸಂಬಂಧಿಸಿದ್ದು. ಗಂಗ ಇಮ್ಮಡಿ ಶಿವಮಾರ ಆಗ ರಾಷ್ಟ್ರಕೂಟರ ಸೆರೆಯಲ್ಲಿದ್ದ; ಗಂಗವಾಡಿ ಅವರ ಕೈಯಲ್ಲಿತ್ತು. ಗಂಗರು ತಮ್ಮ ಬಿರುದಾಗಿ ಹೊತ್ತ ನಂದಗಿರಿಯ ಬುಡದಲ್ಲಿ ಬಾಣ ರಾಣಿ ಗುಡಿ ಎಬ್ಬಿಸಿದ್ದು ಇಂಥ ಸಂದರ್ಭದಲ್ಲಿ.

ಇಲ್ಲೊಂದು ಕಾಲಗಣನೆಯ ತೊಡಕಿದೆ. 806ರ ಹೊತ್ತಿಗೆ ರಾಣಿಯಿದ್ದ ವಿದ್ಯಾಧರನೂ 880ರಲ್ಲಿ ಮಡಿದ ಪೃಥ್ವೀಪತಿಯ ಅಳಿಯನಾದ ವಿದ್ಯಾಧರನೂ ಒಬ್ಬನೇ ಆಗಿರುವುದು ಕಷ್ಟ. ‘ಬಾಣ ವಿದ್ಯಾಧರ’ ಒಬ್ಬನ ಹೆಸರಲ್ಲ, ಒಬ್ಬರಿಗಿಂತ ಹೆಚ್ಚು ಅರಸರು ಧರಿಸಿದ ಬಿರುದು ಎಂದುಕೊಂಡರೆ ಎರಡೂ ದಾಖಲೆ ಹೊಂದುತ್ತವೆ.

ಕಾಳಗಗಳು ಮತ್ತು ವೀರಗಲ್ಲುಗಳು

ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ ಮತ್ತು ಗಡಿಯಾಚೆಯ ಪುಂಗನೂರು, ಮದನಪಲ್ಲಿ ಸೀಮೆಯಲ್ಲಿ 9 ಮತ್ತು 10ನೆಯ ಶತಮಾನದ ವೀರಗಲ್ಲುಗಳು ಹೇರಳವಾಗಿವೆ. ಈ ಭಾಗದ ಹಳೆಯ ವೀರಗಲ್ಲು ಸಾಮಾನ್ಯವಾಗಿ ಒಂದೇ ಚಪ್ಪಡಿ: ನಡುವೆ ಬಿಲ್ಲು ಅಥವಾ ಕತ್ತಿ ಹಿಡಿದ ವೀರ, ಸುತ್ತ ಖಾಲಿ ಜಾಗದಲ್ಲಿ ‘ಸ್ವಸ್ತಿ’ಯಿಂದ ತೊಡಗುವ ಹಳಗನ್ನಡ ಬರಹ. ಮೊದಲ ಸಾಲುಗಳಲ್ಲಿ ಅರಸನ ಹೆಸರು, ಬಳಿಕ ತುರುಗಾಳಗದ ಅಥವಾ ಊರಳಿವಿನ ಸಂಗತಿ, ಕೊನೆಗೆ ಸತ್ತವನ ಮನೆಯವರಿಗೆ ಬಿಟ್ಟ ನೆಲದ ವಿವರ. ಈ ನೆಲಕ್ಕೆ ‘ಕಲ್ನಾಡು’, ‘ಬಾಳ್ಗಳ್ಚು’ ಎಂಬ ಹೆಸರುಗಳಿದ್ದವು. ಅರಸರ ಪ್ರಶಸ್ತಿಗಳು ಮರೆಮಾಡುವ ಸತ್ಯ ಈ ಕಲ್ಲುಗಳಲ್ಲಿದೆ: ಗಂಗ, ಬಾಣ, ನೊಳಂಬ ಯಾರು ಗೆದ್ದರೂ ಸತ್ತವನು ಊರ ದನ ಬಿಡಿಸಲು ಹೋದ ಹಳ್ಳಿಗ.

ದೊಡ್ಡ ಕಾಳಗಗಳಲ್ಲಿ ಹೆಚ್ಚು ವೀರಗಲ್ಲುಗಳಿಗೆ ಕಾರಣವಾದದ್ದು ಸೋರೆಮಟಿಯದು. ಅದರಲ್ಲಿ ಬಾಣರು ಮತ್ತು ಅವರ ಮಿತ್ರರಾದ ವೈದುಂಬರು ಒಂದು ಕಡೆ. ನೊಳಂಬ, ರಾಚಮಲ್ಲ, ಮಯಿಂದಡಿ, ದಡಿಗ (ಗಂಗರ ಮೂಲಕಥೆಯ ದಡಿಗನಲ್ಲ) ಇನ್ನೊಂದು ಕಡೆ. ರಾಚಮಲ್ಲ ಗಂಗರ ಹೆಸರು. ಒಂದು ಗಂಗ ಶಾಖೆ ಬಾಣರಿಗೆ ಹೆಣ್ಣು ಕೊಟ್ಟಿದ್ದರೆ, ಮುಖ್ಯ ಶಾಖೆ ಅವರ ಮೇಲೆ ಸೈನ್ಯ ತಂದಿದೆ. ನೊಳಂಬ ಮಹೇಂದ್ರ 9ನೆಯ ಶತಮಾನದ ಕೊನೆಯಲ್ಲಿ ತನ್ನನ್ನು ಮಹಾಬಲಿ ಕುಲವನ್ನು ನಾಶ ಮಾಡಿದವನೆಂದು ಕರೆದುಕೊಂಡ. ಇದೂ ಪೂರ್ತಿ ನಿಜವಾಗಲಿಲ್ಲ.

ಬೇತಮಂಗಲ

ಬಾಣರ ಗುರುತು ಇಂದಿಗೂ ಕಣ್ಣಿಗೆ ಬೀಳುವ ಊರು ಕೆ.ಜಿ.ಎಫ್. ತಾಲ್ಲೂಕಿನ ಬೇತಮಂಗಲ. ಇದರ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸ ವಿಜಯಾದಿತ್ಯನ ಹೆಸರಿನಲ್ಲಿ ಕಟ್ಟಿದ ಊರು. ಆ ಹೆಸರಿನ ಅರಸರು ಕನಿಷ್ಠ ಇಬ್ಬರಿದ್ದುದರಿಂದ ಊರು 8ನೆಯ ಶತಮಾನದ್ದೋ 9ನೆಯದ್ದೋ ಎಂಬುದು ಹೆಸರಿನಿಂದಷ್ಟೇ ಇತ್ಯರ್ಥವಾಗುವುದಿಲ್ಲ.

ಊರಿಗೆ ಜೀವ ಕೊಟ್ಟದ್ದು ಪಾಲಾರ್ ನದಿಗೆ ಅಡ್ಡವಾಗಿ ಏರಿ ಹಾಕಿ ನಿಲ್ಲಿಸಿದ ದೊಡ್ಡ ಕೆರೆ. ನದಿಯನ್ನೇ ತಡೆದ ಕೆರೆಯಾದ್ದರಿಂದ ತೂಬು, ಕೋಡಿಗಳ ಮೇಲೆ ಮಳೆಗಾಲದ ಒತ್ತಡ ಹೆಚ್ಚು. ಅದು ಒಡೆದದ್ದೂ ಮತ್ತೆ ಕಟ್ಟಿದ್ದೂ ಶಾಸನಗಳಲ್ಲೇ ಇದೆ. 10ನೆಯ ಶತಮಾನದ ನಡುವಿನಲ್ಲಿ, ಇರಿವ ನೊಳಂಬನ ಆಳ್ವಿಕೆಯಲ್ಲಿ, ಒಡೆದ ಏರಿಯನ್ನು ಕಟ್ಟಿಸಲಾಯಿತು. 12ನೆಯ ಶತಮಾನದ ನಡುವಿನಲ್ಲಿ ಹೊಯ್ಸಳರ ಕಾಲಕ್ಕೆ ಮತ್ತೆ ದುರಸ್ತಿಯಾಯಿತು. ಕೆರೆ ನೋಡಿಕೊಳ್ಳಲು ಬಿಡುವ ಗದ್ದೆಗೆ ಆ ಕಾಲದ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಹೆಸರಿತ್ತು. ಬಾಣರನ್ನು ನಾಶ ಮಾಡಿದೆವೆಂದ ನೊಳಂಬರು ಬಾಣರ ಹೆಸರಿನ ಊರಿನ ಕೆರೆಯನ್ನು ಉಳಿಸಿದರು, ಹೆಸರನ್ನೂ ಬದಲಿಸಲಿಲ್ಲ.

19ನೆಯ ಶತಮಾನದಲ್ಲಿ ಬೇತಮಂಗಲ ತಾಲ್ಲೂಕು ಕೇಂದ್ರವಾಗಿತ್ತು. ಬೆಂಗಳೂರು–ಜೋಲಾರಪೇಟೆ ರೈಲುದಾರಿ 1864ರಲ್ಲಿ ಬಂದ ಬಳಿಕ, ಮೈಸೂರಿನ ಚೀಫ್ ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಬೆಳೆದು ಕಚೇರಿಗಳು ಅಲ್ಲಿಗೆ ಹೋದವು. ಇಂದಿನ ಬಂಗಾರಪೇಟೆ ಅದೇ. ಆದರೆ ಕೆರೆಯ ಕೆಲಸ ನಿಲ್ಲಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗಳಿಗೂ ಕಾರ್ಮಿಕರ ಲೈನುಗಳಿಗೂ ನೀರು ಪೂರೈಸಲು ಇಲ್ಲಿಯೇ ನೀರು ಸರಬರಾಜು ಕೇಂದ್ರ ಸ್ಥಾಪನೆಯಾಯಿತು. ಚಾಂಪಿಯನ್ ರೀಫ್, ಉರಿಗಾಂ ಕಡೆಯ ಮನೆಗಳ ನಲ್ಲಿಗಳಲ್ಲಿ ಬಂದ ನೀರು ಬಾಣ ಅರಸನ ಹೆಸರಿನ ಊರಿನದು.

ಚಿನ್ನದ ಪ್ರಶ್ನೆ

ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಸೀಮೆಯಲ್ಲಿ, ಎಂದರೆ ಇಂದಿನ ಕೆ.ಜಿ.ಎಫ್.ನಲ್ಲಿ, ಗಣಿ ಕೆಲಸ ಹಿಡಿದಾಗ ಅಲ್ಲಿ ಹಳೆಯ ಅಗೆತದ ಗುಂಡಿಗಳು ಮೊದಲೇ ಇದ್ದವು. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲ ಕಾಲನಿರ್ಣಯ ಸುಮಾರು 5ರಿಂದ 7ನೆಯ ಶತಮಾನದ ಕಡೆಗೆ ಬೆರಳು ಮಾಡುತ್ತದೆ. ಅದು ಗಂಗರೂ ಬಾಣರೂ ಈ ಸೀಮೆಗಾಗಿ ಸೆಣಸುತ್ತಿದ್ದ ಕಾಲ. ಆದರೂ ಕಾಲದ ಹೊಂದಿಕೆಯಿಂದಷ್ಟೇ ಗಣಿ ಬಾಣರದೆಂದೋ, ಜಗಳ ಚಿನ್ನಕ್ಕಾಗಿ ನಡೆಯಿತೆಂದೋ ಹೇಳುವುದು ಆತುರದ ಮಾತಾಗುತ್ತದೆ. ಶಾಸನಗಳಲ್ಲಿ ಜಗಳದ ವಸ್ತುವಾಗಿ ಕಾಣುವುದು ದನ, ಗದ್ದೆ, ಕೆರೆ ಮತ್ತು ಕೋಟೆ.

ಅವನತಿ ಮತ್ತು ಉಳಿದ ಶಾಖೆಗಳು

ಬಾಣರ ಅಧಿಕಾರವನ್ನು ಮುರಿದದ್ದು ಗಂಗರೂ ಅಲ್ಲ, ನೊಳಂಬರೂ ಅಲ್ಲ; ಚೋಳರು. ಒಂದನೆಯ ಪರಾಂತಕ 10ನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಇಬ್ಬರು ಬಾಣ ಅರಸರನ್ನು ಕಿತ್ತುಹಾಕಿ, ಅವರ ನಾಡನ್ನೂ ‘ಬಾಣಾಧಿರಾಜ’ ಎಂಬ ಬಿರುದನ್ನೂ ತನ್ನ ಮಿತ್ರನಿಗೆ ಕೊಟ್ಟ. ಆ ಮಿತ್ರ ಗಂಗ ಇಮ್ಮಡಿ ಪೃಥ್ವೀಪತಿ ಹಸ್ತಿಮಲ್ಲ, ಕುಂದವ್ವೆಯ ತವರುಮನೆಯ ಕುಡಿ. ಕೊಂಗಣಿವರ್ಮನ ಪ್ರಶಸ್ತಿಯಲ್ಲಿ ಹೇಳಿಕೊಂಡಿದ್ದ ಬಾಣಮಂಡಲದ ಒಡೆತನ ಗಂಗ ಮನೆತನಕ್ಕೆ ವಿಧಿವತ್ತಾಗಿ ಸಿಕ್ಕಿದ್ದು ಹೀಗೆ, ಬೇರೊಬ್ಬರ ಕೈಯಿಂದ. ಶೋಳಿಂಗಪುರ ಶಾಸನ ಮತ್ತು ಉದಯೇಂದಿರಂನಲ್ಲೇ ದೊರೆತ ಹಸ್ತಿಮಲ್ಲನ ತಾಮ್ರಪಟ ಇದಕ್ಕೆ ಆಧಾರ. ಅದೂ ಹೆಚ್ಚು ಕಾಲ ಬಾಳಲಿಲ್ಲ. 11ನೆಯ ಶತಮಾನದ ಆರಂಭದಲ್ಲಿ ಗಂಗವಾಡಿಯೇ ಚೋಳರ ಪಾಲಾಯಿತು. ಕೋಲಾರ ಸೀಮೆ ನಿಕರಿಲಿಚೋಳ ಮಂಡಲವಾಯಿತು, ಕೋಲಾರಮ್ಮನ ಗುಡಿಯ ಇಟ್ಟಿಗೆ ಭಾಗಗಳನ್ನು ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಿಂದ ಕಟ್ಟಿದರು.

ಬಾಣರು ತೆಂಕಣಕ್ಕೆ ಸರಿದರು. 12 ಮತ್ತು 13ನೆಯ ಶತಮಾನದಲ್ಲಿ ಸೇಲಂ ಕಡೆಯ ಆರಗಳೂರಿನಲ್ಲಿ ವಾಣಕೋವರೈಯರ್ ಎಂಬ ನಾಯಕರಿದ್ದರು. 15ನೆಯ ಶತಮಾನದಲ್ಲಿ ಮಧುರೆಯ ಸೀಮೆಯಲ್ಲಿ ವಾಣಾದಿರಾಯರ ಹೆಸರು ಬರುತ್ತದೆ. ಇವರೆಲ್ಲ ಪಾಲಾರ್ ಕಣಿವೆಯ ಬಾಣರ ನೇರ ಸಂತತಿಯೋ, ಹೆಸರನ್ನು ಮಾತ್ರ ಹೊತ್ತವರೋ ಎಂಬ ಬಗ್ಗೆ ಒಮ್ಮತವಿಲ್ಲ.

ಅಧ್ಯಯನ ಮತ್ತು ಇಂದಿನ ಸ್ಥಿತಿ

ಬಾಣರ ಇತಿಹಾಸ ಪೂರ್ತಿಯಾಗಿ ಶಾಸನಗಳಿಂದ ಎತ್ತಿದ್ದು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಬೌರಿಂಗ್‌ಪೇಟೆ ತಾಲ್ಲೂಕಿನವು ಅದರಲ್ಲೇ ಸೇರಿವೆ. ಉದಯೇಂದಿರಂ ತಾಮ್ರಪಟಗಳನ್ನು ಕೀಲ್‌ಹಾರ್ನ್ ಮತ್ತು ಹುಲ್ಟ್ಸ್, ಗುಡಿಮಲ್ಲಂ ಶಾಸನಗಳನ್ನು ವಿ. ವೆಂಕಯ್ಯ ಸಂಪಾದಿಸಿದರು. ಮೂಲ ಸಾಮಗ್ರಿ ಕನ್ನಡ, ತೆಲುಗು, ತಮಿಳು, ಸಂಸ್ಕೃತ ನಾಲ್ಕು ಭಾಷೆಗಳಲ್ಲಿ, ಇಂದಿನ ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ. ಒಂದೊಂದು ರಾಜ್ಯದ ಇತಿಹಾಸ ಪುಸ್ತಕದಲ್ಲೂ ಬಾಣರು ಅಂಚಿನ ಸಾಮಂತರಾಗಿ ಉಳಿಯಲು ಇದೂ ಒಂದು ಕಾರಣ.

ಭೋಗನಂದೀಶ್ವರ ಗುಡಿಯೂ ಮುಳಬಾಗಿಲು ತಾಲ್ಲೂಕಿನ ಆವನಿಯ ನೊಳಂಬ ಕಾಲದ ಗುಡಿಗಳೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಊರ ಹೊರಗಿನ ವೀರಗಲ್ಲುಗಳಿಗೆ ಅಂಥ ಭದ್ರತೆ ಕಡಿಮೆ. ಕೆಲವು ಹೊಲದ ಬದುವಿನಲ್ಲಿ ನಿಂತಿವೆ. ಕೆಲವಕ್ಕೆ ಅರಿಸಿನ ಕುಂಕುಮ ಬಿದ್ದು ಪೂಜೆ ನಡೆಯುತ್ತದೆ, ಎಣ್ಣೆ ಜಿಡ್ಡಿನಡಿ ಅಕ್ಷರ ಮಸುಕಾಗುತ್ತದೆ. ಕೆ.ಜಿ.ಎಫ್. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಗಳ ಸುತ್ತ ಬೆಳೆದ ಇತಿಹಾಸ ಬರಹ ಹೆಚ್ಚಾಗಿ 1880ರಿಂದ ಆರಂಭವಾಗುತ್ತದೆ. ಬೇತಮಂಗಲದ ಶಾಸನಗಳು ಅದಕ್ಕಿಂತ ಒಂಬೈನೂರು ವರ್ಷ ಹಳೆಯವು.